ಹೃದಯಕ್ಕೆ ಬಲದ ಮಾತ್ರೆ

ನಿವೃತ್ತ ಉಪಾಧ್ಯಾಯರೊಬ್ಬರು ಈಚೆಗೆ ನನ್ನಲ್ಲಿಗೆ ಬಂದಿದ್ದರು. ರಕ್ತದೊತ್ತಡದ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಿ, ಹೃದಯಕ್ಕೆ ಬಲವೆಂದು ಯಾರೋ ಹೇಳಿದ ಸೆಲೆನಿಯಮ್ ಮಾತ್ರೆಯನ್ನು ನುಂಗುತ್ತಿದ್ದರು. "ಇದರಲ್ಲಿ ಸತ್ಯವಿಲ್ಲವೇ, ಡಾಕ್ಟರೇ?" ಎಂದು ಕೇಳಿದರು. ಸತ್ಯವಿದೆ, ಆದರೆ ಅದು ಎಲ್ಲಿಯ ಸತ್ಯವೆಂಬುದನ್ನು ಅರಿಯಬೇಕು.

1935ರಲ್ಲಿ ಚೀನಾದ ಈಶಾನ್ಯಕ್ಕಿರುವ ಕೆಶಾನ್ ಎಂಬಲ್ಲಿ ವ್ಯಾಧಿಯೊಂದು ಕಾಣಿಸಿಕೊಂಡಿತು. ಹೃದಯದ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸತ್ತು, ಹೃದಯವು ಹಿಗ್ಗಿ, ರಕ್ತವನ್ನು ನೂಕುವ ಶಕ್ತಿ ಕುಂದುತ್ತಿತ್ತು. ಎಳೆಯ ಮಕ್ಕಳೂ ಹೆರುವ ವಯಸ್ಸಿನ ಹೆಂಗಸರೂ ಹೆಚ್ಚಾಗಿ ಬಲಿಯಾದರು. ರೋಗವಿದ್ದ ಹಳ್ಳಿಗಳ ಮಣ್ಣಿನಲ್ಲಿ ಸೆಲೆನಿಯಮ್ ತೀರ ಕಡಿಮೆಯೆಂದು ಮುಂದೆ ತಿಳಿಯಿತು. ಅಲ್ಲಿಯವರು ತಮ್ಮ ಹೊಲದ ಧಾನ್ಯವನ್ನೇ ಉಣ್ಣುವ ಒಕ್ಕಲು ಮಕ್ಕಳು. ಮಣ್ಣಿನಲ್ಲಿಲ್ಲದ್ದು ಕಾಳಿನಲ್ಲಿಲ್ಲ, ಕಾಳಿನಲ್ಲಿಲ್ಲದ್ದು ನೆತ್ತರಿನಲ್ಲಿಲ್ಲ. ಜೀವಕೋಶಗಳನ್ನು ಸವೆತದಿಂದ ಕಾಯುವ ಕಿಣ್ವವೊಂದಕ್ಕೆ ಈ ಧಾತು ಬೇಕೇ ಬೇಕು.

1974ರಲ್ಲಿ ಸಿಚುವಾನ್ ಪ್ರಾಂತದ ಮಿಯಾನ್‌ನಿಂಗ್‌ನಲ್ಲಿ 4,510 ಮಕ್ಕಳಿಗೆ ವಾರಕ್ಕೊಮ್ಮೆ ಸೆಲೆನಿಯಮ್ ಲವಣದ ಗುಳಿಗೆಯನ್ನೂ 3,985 ಮಕ್ಕಳಿಗೆ ಹುಸಿ ಗುಳಿಗೆಯನ್ನೂ ಕೊಟ್ಟರು. ಹುಸಿ ಗುಳಿಗೆಯವರಲ್ಲಿ 54 ಮಂದಿಗೆ ರೋಗ ಬಂದಿತು. ಇನ್ನೊಂದು ಗುಂಪಿನಲ್ಲಿ 10 ಮಂದಿಗೆ ಮಾತ್ರ. 1976ರಿಂದ ಎಲ್ಲ ಮಕ್ಕಳಿಗೂ ನಿಜವಾದ ಗುಳಿಗೆಯನ್ನೇ ಕೊಡಲಾಯಿತು.

ಇದು ಮಾತ್ರೆಯ ಗೆಲುವೇ ಹೌದು. ಆದರೆ ಅದು ತುಂಬಿದ್ದು ಒಂದು ಹಳ್ಳವನ್ನು. ಸಮನೆಲದ ಮೇಲೆ ಸುರಿದ ಮಣ್ಣು ಬರಿಯ ದಿಬ್ಬವಾದೀತು. ಅದೇ ಚೀನಾದ ಎನ್‌ಷಿ ಸೀಮೆಯಲ್ಲಿ, 1960ರ ದಶಕದಲ್ಲಿ, ಸೆಲೆನಿಯಮ್ ಅತಿಯಾಗಿ ಜನರ ಕೂದಲು, ಉಗುರುಗಳು ಉದುರಿದುವು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 55 ಮೈಕ್ರೋಗ್ರಾಂ, ಎಂದರೆ ಒಂದು ಗ್ರಾಮಿನ ಲಕ್ಷದಲ್ಲಿ ಐದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಕಾಳು, ಮೊಟ್ಟೆ, ಮೀನುಗಳಲ್ಲಿ ಅದು ದೊರೆಯುತ್ತದೆ.

ಹೃದಯದ ಸ್ನಾಯುವನ್ನು ಕೆಡಿಸುವ ಕಾರಣಗಳು ಬೇರೆಯೂ ಇವೆ. ಕೆಲವು ವಂಶದಿಂದ ಬರುತ್ತವೆ. ಅವನ್ನು ನಾವು ತಡೆಯಲಾರೆವು. ಆದರೆ ವರ್ಷಗಟ್ಟಲೆಯ ಕುಡಿತ, ಆರೈಕೆಯಿಲ್ಲದ ರಕ್ತದೊತ್ತಡ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಇವು ನಮ್ಮ ಕೈಯಲ್ಲಿವೆ. ಮದ್ಯದಿಂದ ಸೋತ ಹೃದಯವು ಮದ್ಯವನ್ನು ಬಿಟ್ಟ ಮೇಲೆ ಎಷ್ಟೋ ಮಟ್ಟಿಗೆ ಚೇತರಿಸಿಕೊಳ್ಳುವುದೂ ಉಂಟು. ಉಪ್ಪಿನ ಮಿತಿ, ದಿನದ ನಡಿಗೆ, ಹೊಗೆಸೊಪ್ಪಿನ ತ್ಯಾಗ, ಇವಾವುವೂ ಸೀಸೆಯಲ್ಲಿ ಮಾರಾಟವಾಗುವುದಿಲ್ಲ.

ಉಪಾಧ್ಯಾಯರ ರಕ್ತದೊತ್ತಡವನ್ನು ಅಳೆದೆ, ಬಹಳ ಏರಿತ್ತು. ಅವರ ಕೊರತೆ ಸೆಲೆನಿಯಮ್ಮಿನದಲ್ಲ, ನಿಲ್ಲಿಸಿದ ಆ ಹಳೆಯ ಗುಳಿಗೆಯದು. ಅದನ್ನೇ ಮತ್ತೆ ಬರೆದುಕೊಟ್ಟೆ.