ಮೊಣಕಾಲು ಶಸ್ತ್ರಚಿಕಿತ್ಸೆ: ರಕ್ತ ಉಳಿಸುವ ಔಷಧ

"ಮೊಣಕಾಲು ಬದಲಾಯಿಸಿದರೆ ರಕ್ತ ಬಹಳ ಹೋಗುತ್ತದಂತೆ. ಈ ವಯಸ್ಸಿನಲ್ಲಿ ನಾನು ತಡೆದೇನೆ, ಡಾಕ್ಟರೇ?" ಸವೆದ ಕೀಲಿನ ನೋವು ಹೊತ್ತು ನಮ್ಮಲ್ಲಿಗೆ ಬರುವ ಹಿರಿಯರಲ್ಲಿ ಅನೇಕರು ಕೇಳುವ ಪ್ರಶ್ನೆಯಿದು. ತೈಲ, ಕಷಾಯ, ಪಥ್ಯಗಳಿಂದ ಶಮನವಾಗುವ ಹಂತವನ್ನು ದಾಟಿದವರಿಗೆ ಶಸ್ತ್ರಚಿಕಿತ್ಸೆಯನ್ನು ನಾವೇ ಸೂಚಿಸುತ್ತೇವೆ. ಆದರೆ ರಕ್ತದ ಭಯದಿಂದ ವರ್ಷಗಟ್ಟಲೆ ಮುಂದೂಡುತ್ತ, ಕಡೆಗೆ ಬಚ್ಚಲಿಗೂ ನಡೆಯಲಾರದೆ ಮೂಲೆ ಹಿಡಿದವರನ್ನು ಕಂಡಿದ್ದೇವೆ. ಈ ಭಯವನ್ನು ಬಹುಮಟ್ಟಿಗೆ ತಗ್ಗಿಸುವ ಔಷಧವೊಂದು ಇಂದು ಬಳಕೆಯಲ್ಲಿದೆ. ಅದೇ ಟ್ರಾನೆಕ್ಸಾಮಿಕ್ ಆಮ್ಲ.

ರಕ್ತಸ್ರಾವವನ್ನು ತಡೆಯುವ ಚಿಂತನೆ ಹೊಸದಲ್ಲ. ಸುಶ್ರುತ ಸಂಹಿತೆಯು ಸಂಧಾನ, ಸ್ಕಂದನ, ಪಾಚನ, ದಹನಗಳೆಂಬ ನಾಲ್ಕು ಉಪಾಯಗಳನ್ನು ಹೇಳಿದೆ. ಸ್ಕಂದನವೆಂದರೆ ರಕ್ತವನ್ನು ಹೆಪ್ಪುಗಟ್ಟಿಸುವುದು. ಈ ಔಷಧದ ಕಾರ್ಯ ತುಸು ಭಿನ್ನ. ಅದು ಹೊಸದಾಗಿ ಹೆಪ್ಪುಗಟ್ಟಿಸುವುದಿಲ್ಲ, ಕಟ್ಟಿದ ಹೆಪ್ಪು ಬೇಗನೆ ಕರಗದಂತೆ ಕಾಯುತ್ತದೆ.

ಗಾಯವಾದಲ್ಲಿ ಫೈಬ್ರಿನ್ ಎಂಬ ಎಳೆಗಳು ಬಲೆಯಂತೆ ಹೆಣೆದುಕೊಂಡು ಹೆಪ್ಪನ್ನು ಹಿಡಿದಿಡುತ್ತವೆ. ಪ್ಲಾಸ್ಮಿನ್ ಎಂಬ ಕಿಣ್ವ ಆ ಎಳೆಗಳನ್ನು ಕತ್ತರಿಸುತ್ತದೆ. ಮೊಣಕಾಲು ಬದಲಿಸುವಾಗ ಮೂಳೆಯ ತುದಿಗಳನ್ನೇ ಕೊಯ್ಯುವುದರಿಂದ, ತೊಡೆಗೆ ಬಿಗಿದ ಪಟ್ಟಿಯನ್ನು ಸಡಿಲಿಸಿದ ಮೇಲೂ ಗಂಟೆಗಟ್ಟಲೆ ರಕ್ತ ಒಸರುತ್ತದೆ. ಕಿಣ್ವವು ಎಳೆಗಳಿಗೆ ಅಂಟಿಕೊಳ್ಳದಂತೆ ಈ ಔಷಧವು ತಡೆಯುತ್ತದೆ.

ಜಪಾನಿನ ವೈದ್ಯ ದಂಪತಿಗಳಾದ ಊಟಾಕೊ ಮತ್ತು ಶೋಸುಕೆ ಒಕಾಮೊಟೊ ಇದರ ಗುಣವನ್ನು 1962ರಲ್ಲಿ ಪ್ರಕಟಿಸಿದರು. ಹೆರಿಗೆಯ ನಂತರದ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸಬೇಕೆಂಬುದು ಊಟಾಕೊ ಅವರ ಹಂಬಲವಾಗಿತ್ತು. ಅತಿಯಾದ ಮುಟ್ಟಿನ ಸ್ರಾವಕ್ಕೆ ಇದೇ ಮಾತ್ರೆಯನ್ನು ಸೇವಿಸಿದವರು ನಮ್ಮ ಓದುಗರಲ್ಲಿಯೂ ಇರಬಹುದು.

ಮೊಣಕಾಲಿನ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಕೊಯ್ಯುವ ಮೊದಲೇ ಸುಮಾರು 1 ಗ್ರಾಂನಷ್ಟು ಔಷಧವನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಕೆಲವು ವೈದ್ಯರು ಕೀಲಿನೊಳಗೇ ಹಾಕುತ್ತಾರೆ. ಇದರಿಂದ ರಕ್ತನಷ್ಟ ಗಣನೀಯವಾಗಿ ಇಳಿದು, ಬೇರೆಯವರ ರಕ್ತ ಪಡೆಯಬೇಕಾದ ಪ್ರಸಂಗಗಳು ಕಡಿಮೆಯಾಗಿವೆ. ರಕ್ತಹೀನತೆಯಿಲ್ಲದ ರೋಗಿ ತಲೆ ಸುತ್ತದೆ ಬೇಗನೆ ಎದ್ದು ನಡೆಯಬಲ್ಲರು.

ಆದರೂ ಔಷಧವೊಂದೇ ಸಾಲದು, ರೋಗಿಯ ಪ್ರಾಮಾಣಿಕತೆಯೂ ಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದ ಹಿರಿಯರೊಬ್ಬರು, "ಹೇಳಿದರೆ ಆಪರೇಷನ್ ನಿಲ್ಲಿಸಿಬಿಡುತ್ತಾರೆ" ಎಂದು ರಕ್ತ ತೆಳುಗೊಳಿಸುವ ಮಾತ್ರೆಯ ಸಂಗತಿಯನ್ನು ಮುಚ್ಚಿಟ್ಟಿದ್ದರು. ಹಿಂದಿನ ದಿನ ಅವರ ಮಗಳು ನಮಗೆ ತಿಳಿಸಿದಳು. ನಾವು ಕೂಡಲೇ ಶಸ್ತ್ರವೈದ್ಯರಿಗೆ ದೂರವಾಣಿ ಮಾಡಿದೆವು. ಶಸ್ತ್ರಚಿಕಿತ್ಸೆ ಕೆಲವು ವಾರ ಮುಂದೆ ಹೋಯಿತು, ಜೀವ ಉಳಿಯಿತು.

ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ:

• ಕಾಲು ಅಥವಾ ಶ್ವಾಸಕೋಶದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ, ಹೃದಯಾಘಾತ, ಪಾರ್ಶ್ವವಾಯು, ಮೂತ್ರಪಿಂಡದ ರೋಗ, ಮೂರ್ಛೆರೋಗಗಳಿದ್ದರೆ ತಪ್ಪದೆ ತಿಳಿಸಿರಿ. ಔಷಧ ಕೊಡಬೇಕೇ, ಎಷ್ಟು ಕೊಡಬೇಕು ಎಂಬುದನ್ನು ವೈದ್ಯರು ಆಗ ನಿರ್ಧರಿಸುವರು.

• ರಕ್ತ ತೆಳುಗೊಳಿಸುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸದಿರಿ, ಮರೆಮಾಚಲೂ ಬೇಡಿರಿ.

• ನಾವು ಕೊಟ್ಟ ಗುಗ್ಗುಲು, ಬೆಳ್ಳುಳ್ಳಿಯ ಯೋಗಗಳನ್ನೂ ಹೇಳಿರಿ. ಇವು ರಕ್ತಸ್ರಾವವನ್ನು ಹೆಚ್ಚಿಸಬಹುದು. "ಆಯುರ್ವೇದವಲ್ಲವೇ, ಏನೂ ಆಗದು" ಎಂಬುದು ತಪ್ಪು ಕಲ್ಪನೆ.

• ಮೂರು–ನಾಲ್ಕು ವಾರ ಮೊದಲೇ ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳಿರಿ. ಮಹಿಳೆಯರಲ್ಲಿ 12, ಪುರುಷರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಮೊದಲು ಅದನ್ನು ಸರಿಪಡಿಸಿಕೊಳ್ಳತಕ್ಕದ್ದು. ಕಬ್ಬಿಣಾಂಶದ ಮಾತ್ರೆಯೊಡನೆ ಚಹಾ, ಕಾಫಿ ಬೇಡ.

ಕಳೆದುಕೊಂಡ ರಕ್ತವನ್ನು ತುಂಬಿಸಿಕೊಳ್ಳುವುದಕ್ಕಿಂತ ಇರುವ ರಕ್ತವನ್ನು ಕಾಪಾಡಿಕೊಳ್ಳುವುದೇ ಲೇಸು.