ಟೈರಿನ ಕಪ್ಪು, ಟೈರಿನ ಹೊಳಪು

ಆಯುಧಪೂಜೆಯ ಹಿಂದಿನ ದಿನ ವಾಟರ್ ಸರ್ವಿಸ್ ಅಂಗಡಿಗಳ ಮುಂದೆ ಕಾರುಗಳ ಸಾಲು ನಿಂತಿರುತ್ತದೆ. ತೊಳೆದ ಕಾರು ಹೊರಬರುವ ಮುನ್ನ ಹುಡುಗನೊಬ್ಬ ಸ್ಪಂಜನ್ನು ಯಾವುದೋ ದ್ರವದಲ್ಲಿ ಅದ್ದಿ ನಾಲ್ಕೂ ಟೈರುಗಳಿಗೆ ಬಳಿಯುತ್ತಾನೆ. ಬೂದು ಬಣ್ಣಕ್ಕೆ ತಿರುಗಿದ್ದ ಟೈರು ನೋಡುತ್ತಿದ್ದಂತೆಯೇ ಹೊಸದರಂತೆ ಕಪ್ಪಾಗುತ್ತದೆ. ಆ ದ್ರವ ಕೆಲವೆಡೆ ಡಬ್ಬಿಯಲ್ಲಿ ಬರುವ ಟೈರ್ ಪಾಲಿಷ್. ಕೆಲವೆಡೆ ಡೀಸೆಲ್ ಅಥವಾ ಹಳೆಯ ಎಂಜಿನ್ ಆಯಿಲ್. ಎಲ್ಲವೂ ಒಂದೇ ಬಗೆಯ ಹೊಳಪು ಕೊಡುವುದೇಕೆ? ಹಾಗಿದ್ದರೆ ಇವುಗಳಲ್ಲಿ ಯಾವುದನ್ನು ಆಯ್ದುಕೊಳ್ಳಬೇಕು?

ಮೊದಲು ಬೆಳಕಿನ ಲೆಕ್ಕ ನೋಡೋಣ. ರಬ್ಬರಿನ ವಕ್ರೀಭವನ ಸೂಚ್ಯಂಕ ಸುಮಾರು 1.52. ಗಾಳಿಯಿಂದ ಬಂದ ಬೆಳಕು ಇದರ ಮೇಲೆ ನೇರವಾಗಿ ಬಿದ್ದಾಗ ಶೇಕಡಾ 4ರಷ್ಟು ಪ್ರತಿಫಲಿಸುತ್ತದೆ. (ಎರಡು ಮಾಧ್ಯಮಗಳ ಸೂಚ್ಯಂಕಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ವರ್ಗ ಮಾಡಿದರೆ ಈ ಪ್ರಮಾಣ ಸಿಗುತ್ತದೆ. ಪಿಯುಸಿ ವಿದ್ಯಾರ್ಥಿಗಳು ಮಾಡಿ ನೋಡಬಹುದು.) ಉಳಿದ ಬೆಳಕು ಒಳಹೊಕ್ಕು, ರಬ್ಬರಿನಲ್ಲಿ ಬೆರೆತಿರುವ ಇಂಗಾಲದ ಮಸಿಯಲ್ಲಿ ಹೀರಿಹೋಗುತ್ತದೆ. ಹಳೆಯ ಟೈರಿನ ಮೇಲ್ಮೈ ತೀರಾ ಒರಟು. ಹೀಗಾಗಿ ಆ ಶೇಕಡಾ 4 ಬೆಳಕು ಒಂದು ದಿಕ್ಕಿಗೆ ಹೋಗದೆ ಎಲ್ಲ ಕಡೆಗೂ ಚದುರುತ್ತದೆ. ಎಲ್ಲಿ ನಿಂತು ನೋಡಿದರೂ ಒಂದಿಷ್ಟು ಬಿಳಿ ಬೆಳಕು ಕಣ್ಣಿಗೆ ಬೀಳುವುದರಿಂದ ಕಪ್ಪು ಬೂದಾಗಿ ಕಾಣುತ್ತದೆ. ಧೂಳು ಇದಕ್ಕೆ ತನ್ನ ಪಾಲನ್ನು ಸೇರಿಸುತ್ತದೆ.

ಈಗ ಇದರ ಮೇಲೆ ಸಿಲಿಕೋನ್ ಎಣ್ಣೆಯ ತೆಳುಪದರ ಹರಡಿತೆನ್ನಿ. ಅದರ ಸೂಚ್ಯಂಕ 1.40. ಎಣ್ಣೆಯೂ ರಬ್ಬರೂ ಸೇರುವ ಒರಟು ಮೇಲ್ಮೈಯಲ್ಲಿ ಪ್ರತಿಫಲನ ಶೇಕಡಾ 0.2ಕ್ಕೆ ಇಳಿಯುತ್ತದೆ. ಎಣ್ಣೆಯ ಮೇಲ್ಭಾಗದಿಂದ ಸುಮಾರು ಶೇಕಡಾ 3 ಪ್ರತಿಫಲಿಸುತ್ತದೆಯಾದರೂ, ಆ ಮೇಲ್ಭಾಗ ನಯವಾಗಿರುವುದರಿಂದ ಬೆಳಕು ಒಂದೇ ದಿಕ್ಕಿನಲ್ಲಿ ಹೋಗುತ್ತದೆ. ಆ ದಿಕ್ಕಿನಲ್ಲಿ ನಿಂತವರಿಗೆ ಹೊಳಪು, ಉಳಿದವರಿಗೆ ಗಾಢ ಕಪ್ಪು. ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟು, ಮಳೆಯಲ್ಲಿ ನೆನೆದ ಡಾಂಬರು ರಸ್ತೆ ಕಪ್ಪಾಗುವುದೂ ಹೀಗೆಯೇ. ನೀರು ಆರುತ್ತದೆ, ಎಣ್ಣೆ ಉಳಿಯುತ್ತದೆ, ಅಷ್ಟೇ ವ್ಯತ್ಯಾಸ. ಆದ್ದರಿಂದ ಹೊಳಪನ್ನು ನೋಡಿ ಪಾಲಿಷಿನ ಗುಣ ಹೇಳಲಾಗದು. ಅದು ರಬ್ಬರಿಗೆ ಏನು ಮಾಡುತ್ತದೆ ಎಂಬುದನ್ನು ನೋಡಬೇಕು.

ರಬ್ಬರಿನ ಉದ್ದನೆಯ ಅಣುಸರಪಳಿಗಳಲ್ಲಿ ದ್ವಿಬಂಧಗಳಿವೆ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಜೋನ್ ಅನಿಲ ಈ ಬಂಧಗಳನ್ನೇ ಕತ್ತರಿಸುತ್ತದೆ. ರಬ್ಬರು ಎಳೆತದಲ್ಲಿದ್ದರೆ ಅಲ್ಲಿ ಬಿರುಕು ಬೆಳೆಯುತ್ತದೆ. ಇದನ್ನು ತಡೆಯಲು ತಯಾರಕರು ಟೈರಿನೊಳಗೆ ಮೇಣವನ್ನೂ ಓಜೋನ್ ನಿರೋಧಕ ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಇವು ನಿಧಾನವಾಗಿ ಒಳಗಿನಿಂದ ಮೇಲ್ಮೈಗೆ ಬರುತ್ತಿರುತ್ತವೆ. ಟೈರಿನ ಪಕ್ಕೆಯಲ್ಲಿ ಕಾಣುವ ಕಂದು ಛಾಯೆ ಬಹುಮಟ್ಟಿಗೆ ಈ ನಿರೋಧಕದ್ದೇ. ಡೀಸೆಲ್ಲಿನಂಥ ಪೆಟ್ರೋಲಿಯಂ ದ್ರವಗಳು ಮೇಣವನ್ನು ಕರಗಿಸುತ್ತವೆ. ಜೊತೆಗೆ ರಬ್ಬರಿನೊಳಕ್ಕೂ ಇಳಿದು ಅದನ್ನು ಉಬ್ಬಿಸುತ್ತವೆ. ಒಮ್ಮೆ ಒರೆಸಿದ ಮಾತ್ರಕ್ಕೆ ಟೈರು ಹಾಳಾಗದು, ನಿಜ. ಪ್ರತಿ ತಿಂಗಳೂ ಒರೆಸಿದರೆ ಮಾತ್ರ ನಾವು ರಕ್ಷಣೆಯನ್ನು ತೊಳೆದು ಅಲಂಕಾರವನ್ನು ಹಚ್ಚಿದಂತೆ.

ತರಗತಿಯಲ್ಲಿ ಇದನ್ನು ಸುಲಭವಾಗಿ ತೋರಿಸಬಹುದು. ಒಂದೇ ಅಳತೆಯ ಮೂರು ರಬ್ಬರ್ ಬ್ಯಾಂಡುಗಳನ್ನು ತೆಗೆದುಕೊಂಡು ಒಂದನ್ನು ನೀರಿನಲ್ಲಿ, ಇನ್ನೊಂದನ್ನು ಗ್ಲಿಸರಿನ್‌ನಲ್ಲಿ, ಮತ್ತೊಂದನ್ನು ಸೀಮೆಎಣ್ಣೆ ಅಥವಾ ಟರ್ಪೆಂಟೈನ್‌ನಲ್ಲಿ ಒಂದು ರಾತ್ರಿ ಮುಚ್ಚಿಡಿ. (ಬೆಂಕಿ ಹತ್ತಿರ ಬೇಡ.) ಬೆಳಿಗ್ಗೆ ಮೂರರ ಉದ್ದ ಅಳೆದು, ಎಳೆದು ನೋಡಿ. ಮೂರನೆಯದು ಉದ್ದವಾಗಿ, ದಪ್ಪವಾಗಿ, ಬಲಗುಂದಿರುತ್ತದೆ.

ಹಾಗಾದರೆ ಕೊಳ್ಳುವುದೇನು? ನೀರು ಆಧಾರಿತ ಸಿಲಿಕೋನ್ ಪಾಲಿಷ್ ಉತ್ತಮ ಆಯ್ಕೆ. ಇದು ಸಾಮಾನ್ಯವಾಗಿ ಹಾಲಿನಂತೆ ಬೆಳ್ಳಗಿರುತ್ತದೆ. ನೀರಿನಲ್ಲಿ ಎಣ್ಣೆಯ ಸೂಕ್ಷ್ಮ ಹನಿಗಳು ತೇಲುತ್ತಿರುವುದೇ ಆ ಬಿಳುಪಿಗೆ ಕಾರಣ. ದ್ರಾವಕ ಆಧಾರಿತ ಪಾಲಿಷ್ ಪಾರದರ್ಶಕವಾಗಿದ್ದು ಪೆಟ್ರೋಲಿನಂಥ ವಾಸನೆ ಹೊಂದಿರುತ್ತದೆ. ಡಬ್ಬಿಯ ಮೇಲೆ ಬೆಂಕಿಯ ಎಚ್ಚರಿಕೆ ಗುರುತಿರುತ್ತದೆ. ಅನುಮಾನವಿದ್ದರೆ ಒಂದು ಲೋಟ ನೀರಿಗೆ ನಾಲ್ಕು ಹನಿ ಹಾಕಿ. ಬೆರೆತು ಬೆಳ್ಳಗಾದರೆ ಮೊದಲನೆಯ ಬಗೆ, ಮೇಲೆ ತೇಲಿದರೆ ಎರಡನೆಯದು. ದ್ರಾವಕದ್ದು ಹೆಚ್ಚು ದಿನ ಹೊಳೆಯುತ್ತದೆ ಎಂಬುದೂ ಸತ್ಯವೇ. ಆದರೂ ನಾನು ಅದನ್ನು ಕೊಳ್ಳಲಾರೆ. ಗ್ಲಿಸರಿನ್ ಅಗ್ಗ, ರಬ್ಬರಿಗೆ ನಿರಪಾಯಕಾರಿ. ಮೊದಲ ಮಳೆಗೇ ತೊಳೆದುಹೋಗುತ್ತದೆ. ಅತಿನೇರಳೆ ಕಿರಣಗಳಿಂದ ರಕ್ಷಣೆ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿದ್ದರೆ ಅದಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ. ಟೈರಿನ ತೂಕದ ಹೆಚ್ಚುಕಡಿಮೆ ಕಾಲುಭಾಗ ಇರುವ ಇಂಗಾಲದ ಮಸಿಯೇ ಆ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತದೆ.

ಹಚ್ಚುವ ಕ್ರಮ ಆಯ್ಕೆಗಿಂತ ಮುಖ್ಯ. ಟೈರಿನ ತ್ರಿಜ್ಯ 0.3 ಮೀಟರ್, ಕಾರಿನ ವೇಗ ಗಂಟೆಗೆ 60 ಕಿ.ಮೀ. ಇದ್ದಾಗ ಹೊರ ಅಂಚಿನ ಕೇಂದ್ರಾಭಿಮುಖ ವೇಗೋತ್ಕರ್ಷ ಗುರುತ್ವದ 90 ಪಟ್ಟಿಗೂ ಹೆಚ್ಚು. ಪಕ್ಕೆಯಲ್ಲಿ ಸ್ವಲ್ಪ ಕಡಿಮೆ. ಒಣಗದೆ ಉಳಿದ ಎಣ್ಣೆ ಅಲ್ಲಿ ನಿಲ್ಲಲಾರದು; ಬಾಡಿಗೂ ಬ್ರೇಕ್ ಡಿಸ್ಕಿಗೂ ರಸ್ತೆಗೆ ತಗಲುವ ಟ್ರೆಡ್ಡಿಗೂ ಸಿಡಿಯಬಹುದು. ಒಣ ರಸ್ತೆಯಲ್ಲಿ ಘರ್ಷಣ ಗುಣಾಂಕ 0.7 ಎಂದಿಟ್ಟುಕೊಂಡರೆ ಅದೇ ವೇಗದ ಕಾರು ಬ್ರೇಕ್ ಹಿಡಿದ ಮೇಲೆ ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. ಗುಣಾಂಕ ಅರ್ಧವಾದರೆ ದೂರ 40 ಮೀಟರ್. ಆದ್ದರಿಂದ ಸ್ಪ್ರೇ ಬೇಡ. ತೊಳೆದು ಆರಿದ ಟೈರಿನ ಪಕ್ಕೆಗೆ ಮಾತ್ರ ಸ್ಪಂಜಿನಲ್ಲಿ ತೆಳುವಾಗಿ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು ಒಣಬಟ್ಟೆಯಲ್ಲಿ ಒರೆಸಿ. ಬೈಕು, ಸ್ಕೂಟರುಗಳ ಟೈರಿಗೆ ಹಚ್ಚಲೇಬೇಡಿ. ತಿರುವಿನಲ್ಲಿ ವಾಹನ ವಾಲಿದಾಗ ಟ್ರೆಡ್ಡಿನ ಅಂಚೂ ರಸ್ತೆಗೆ ತಗಲುತ್ತದೆ. ಎರಡೇ ಚಕ್ರಗಳ ಮೇಲೆ ಜಾರಿದರೆ ಸಾವರಿಸಿಕೊಳ್ಳುವ ಅವಕಾಶವಿಲ್ಲ.

ಇನ್ನೊಂದು ವಿಷಯ. ಒರಟುತನವನ್ನು ಮರೆಮಾಡುವ ಪದರ ಸಣ್ಣ ಬಿರುಕುಗಳನ್ನೂ ಮರೆಮಾಡುತ್ತದೆ. ಹಳೆಯ ಕಾರು ಕೊಳ್ಳುವಾಗ ಟೈರುಗಳು ಮಿರಮಿರನೆ ಹೊಳೆಯುತ್ತಿದ್ದರೆ ಸೋಪುನೀರಿನಲ್ಲಿ ತೊಳೆಸಿ, ಆರಿದ ಮೇಲೆ ನೋಡಿ. ಪಕ್ಕೆಯಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ಟ್ರೆಡ್ಡಿನ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಕಾಣುವ ಸಣ್ಣ ದಿಂಡುಗಳ ಎತ್ತರ 1.6 ಮಿ.ಮೀ. ಟ್ರೆಡ್ ಅವುಗಳ ಮಟ್ಟಕ್ಕೆ ಸವೆದಿದ್ದರೆ ಪಾಲಿಷಿನ ಮಾತು ಬಿಟ್ಟು ಹೊಸ ಟೈರಿನ ಬೆಲೆ ವಿಚಾರಿಸಬೇಕು.