ಮರ ಕೊಯ್ಯುವ ಯಂತ್ರ: ಲಾಭ ಯಾರಿಗೆ?



ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ ಮಳೆ ಕಡಿಮೆ ಬೀಳುವ ಬಯಲುಸೀಮೆಯ ಊರು. ಇಂಥ ಸೀಮೆಯಲ್ಲಿ ಹೊಲದ ಬದುವಿನ ಹುಣಸೆ, ಬೇವು, ಹೊಂಗೆ ಮರಗಳೆಂದರೆ ರೈತನಿಗೆ ಆಪತ್ಕಾಲದ ಗಂಟು. ಬೆಳೆ ಕೈಕೊಟ್ಟಾಗ, ಮದುವೆಯ ಅಥವಾ ಆಸ್ಪತ್ರೆಯ ಖರ್ಚು ಬಂದಾಗ ಮರ ಮಾರುವುದು ಹಿಂದಿನಿಂದಲೂ ಇದೆ. ಹೊಸದಾಗಿ ಬಂದದ್ದು ಪೆಟ್ರೋಲ್ ಕುಡಿದು ಓಡುವ ಚೈನ್ ಗರಗಸ.

ಇದರ ರಚನೆ ಸರಳ. ಚಿಕ್ಕ ಎಂಜಿನ್ ಒಂದು ಹಲ್ಲುಗಳಿರುವ ಸರಪಳಿಯನ್ನು ಉದ್ದನೆಯ ಪಟ್ಟಿಯ ಸುತ್ತ ವೇಗವಾಗಿ ತಿರುಗಿಸುತ್ತದೆ. 1920ರ ದಶಕದಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ತಯಾರಿಸಿದ ಯಂತ್ರಗಳನ್ನು ಹಿಡಿಯಲು ಇಬ್ಬರು ಬೇಕಿತ್ತು. 1950ರಲ್ಲಿ ಒಬ್ಬನೇ ಹಿಡಿಯಬಲ್ಲ ಮಾದರಿ ಬಂತು.

ಇದರಿಂದ ಉಪಯೋಗವಿಲ್ಲವೆ? ಖಂಡಿತ ಇದೆ. ಬರಗಾಲದಲ್ಲಿ ಒಣಗಿ ನಿಂತ ತೆಂಗಿನ ಮರಗಳನ್ನು ತೆಗೆಯಲು ಇದು ಅನುಕೂಲ. ಯಂತ್ರವಿರುವ ಯುವಕನಿಗೆ ಒಂದು ಜೀವನೋಪಾಯ. ಆದರೆ ಕೊಡಲಿ, ಗರಗಸ ಹಿಡಿದು ನಾಲ್ಕಾರು ಮಂದಿ ಹಂಚಿಕೊಳ್ಳುತ್ತಿದ್ದ ಕೂಲಿ ಈಗ ಒಬ್ಬಿಬ್ಬರ ಪಾಲಾಗುತ್ತದೆ. ಸರಪಳಿ ಗಟ್ಟಿ ಭಾಗಕ್ಕೆ ತಗುಲಿ ಯಂತ್ರ ಹಿಂದಕ್ಕೆ ಚಿಮ್ಮಿದರೆ ಪ್ರಾಣಕ್ಕೇ ಅಪಾಯ.

ಇನ್ನು ಹುಣಸೆಮರದ ಲೆಕ್ಕ ಹಾಕೋಣ. ಕಡಿದರೆ ದುಡ್ಡು ಬರುವುದು ಒಂದೇ ಸಲ. ಉಳಿಸಿಕೊಂಡರೆ ಬೇಸಿಗೆಯ ಹೊತ್ತಿಗೆ ಹಣ್ಣು ಬರುತ್ತದೆ. ಹೊಲದಲ್ಲಿ ಕೆಲಸವಿಲ್ಲದ ಆ ದಿನಗಳಲ್ಲಿ ಹಣ್ಣು ಕುಟ್ಟಿ, ಬೀಜ ಬಿಡಿಸುವ ಹೆಂಗಸರಿಗೆ ಕೂಲಿಯೂ ಸಿಗುತ್ತದೆ. ಹೊಸ ಸಸಿ ನೆಟ್ಟರೆ ಫಲ ಕೊಡಲು ಹಲವು ವರ್ಷ ಕಾಯಬೇಕು. ವ್ಯಾಪಾರಿ ಕಣ್ಣಳತೆಯಲ್ಲಿ ಬೆಲೆ ಕಟ್ಟುವಾಗ ಈ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಕೆಲಸ ನಿಧಾನವಾಗಿದ್ದಾಗ ಮೊದಲ ಮರ ಉರುಳಿದ ಮೇಲೂ ಉಳಿದವುಗಳ ಬಗ್ಗೆ ಯೋಚಿಸಲು ರೈತನಿಗೆ ಸಮಯವಿತ್ತು. ಈಗ ಒಂದೇ ದಿನದಲ್ಲಿ ಬದು ಬರಿದಾಗಬಹುದು. ಯಂತ್ರದ ನಿಜವಾದ ಪರಿಣಾಮ ಇಲ್ಲಿದೆ.

ಹಾಗಾದರೆ ನಿಷೇಧವೇ ಪರಿಹಾರವೆ? ಆಫ್ರಿಕಾದ ಘಾನಾ ದೇಶ 1998ರಲ್ಲಿ ಚೈನ್ ಗರಗಸದಿಂದ ಮಾರಾಟಕ್ಕಾಗಿ ಹಲಗೆ ಕೊಯ್ಯುವುದನ್ನು ನಿಷೇಧಿಸಿತು. ಹಳ್ಳಿಗರಿಗೆ ದುಡಿಮೆ ಬೇಕಿತ್ತು, ಪೇಟೆಗೆ ಅಗ್ಗದ ಹಲಗೆ ಬೇಕಿತ್ತು. ಕೆಲಸ ಕದ್ದುಮುಚ್ಚಿ ಮುಂದುವರಿಯಿತು. ನಮ್ಮಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ತೆಂಗು, ನೀಲಗಿರಿಯಂಥ ಕೆಲವು ಜಾತಿಗಳಿಗೆ ಅದರಲ್ಲಿ ವಿನಾಯಿತಿ ಉಂಟು. ಆದರೆ ಕಷ್ಟದಲ್ಲಿರುವ ರೈತನಿಗೆ ಸಕಾಲದಲ್ಲಿ ಸಾಲ ಸಿಗದಿದ್ದರೆ ಕಾನೂನೊಂದೇ ಮರವನ್ನು ಉಳಿಸಲಾರದು.

ನೀವೇ ಒಂದು ಕೆಲಸ ಮಾಡಿ. ನಿಮ್ಮ ಊರಿನಲ್ಲಿ ಮರ ಮಾರಿದವರನ್ನು ಮಾತನಾಡಿಸಿ. ಮರಕ್ಕೆ ಸಿಕ್ಕ ಹಣವೆಷ್ಟು, ಕೊಯ್ದವರಿಗೆ ಎಷ್ಟು, ಅದೇ ಮರ ವರ್ಷಕ್ಕೆ ಎಷ್ಟು ಕೊಡುತ್ತಿತ್ತು ಎಂದು ಮೂರು ಸಾಲಿನಲ್ಲಿ ಬರೆಯಿರಿ. ಲಾಭ ಯಾರಿಗೆ ಎಂಬುದು ನಿಮಗೇ ತಿಳಿಯುತ್ತದೆ.